ದೊಡ್ಡ ಕೆಲಸಗಳನ್ನು ನಡೆಸುವ ವಿದ್ಯೆ: ಯೋಜನಾ ನಿರ್ವಹಣೆ ಬೆಳೆದು ಬಂದ ಹಾದಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದವರಿಲ್ಲ. ಕಷ್ಟದ ಕೆಲಸಗಳಿಗೆ ಉದಾಹರಣೆಯಾಗಿ ನಮ್ಮ ಹಿರಿಯರು ಈ ಎರಡನ್ನೇ ಏಕೆ ಆರಿಸಿಕೊಂಡರು? ಹೊಲ ಉಳುವುದು, ನೀರು ಹಾಯಿಸುವುದು, ದಿನವೂ ಅಡುಗೆ ಮಾಡುವುದು ಇವೂ ಶ್ರಮದ ಕೆಲಸಗಳೇ. ಆದರೆ ಅವು ಮತ್ತೆ ಮತ್ತೆ ಬರುವಂಥವು. ಈ ಸಲ ಆದ ತಪ್ಪನ್ನು ಮುಂದಿನ ಸಲ ತಿದ್ದಿಕೊಳ್ಳಬಹುದು. ಮನೆ, ಮದುವೆಗಳು ಹಾಗಲ್ಲ. ಮಾಡುವುದು ಒಮ್ಮೆ. ಕೈಯಲ್ಲಿರುವ ಹಣ ಇಂತಿಷ್ಟೇ. ಮುಹೂರ್ತದ ದಿನ ಮೊದಲೇ ಗೊತ್ತಾಗಿರುತ್ತದೆ. ಗಾರೆಯವರು ಮುಗಿಸುವವರೆಗೆ ಬಣ್ಣದವರು ಕಾಯಬೇಕು, ಬಡಗಿ ಬಾರದಿದ್ದರೆ ಗಾರೆಯವರೂ ಕೈಕಟ್ಟಿ ಕೂರಬೇಕು.

ಇಂದು 'ಪ್ರಾಜೆಕ್ಟ್' ಎಂದು ಕರೆಯುವ ಕೆಲಸಗಳ ಲಕ್ಷಣಗಳೆಲ್ಲ ಇವೇ: ಆರಂಭ ಮತ್ತು ಅಂತ್ಯ ಇರುವುದು, ಹಿಂದೆ ಅದೇ ರೂಪದಲ್ಲಿ ನಡೆಯದೆ ಇರುವುದು, ಸಮಯ ಮತ್ತು ಹಣಕ್ಕೆ ಮಿತಿ ಇರುವುದು, ಬೇರೆ ಬೇರೆ ಕಸುಬಿನ ಜನ ಒಬ್ಬರನ್ನೊಬ್ಬರು ಅವಲಂಬಿಸಿರುವುದು. ಅಣೆಕಟ್ಟು, ರೈಲುಮಾರ್ಗ, ರಾಕೆಟ್, ದೊಡ್ಡ ಸಾಫ್ಟ್‌ವೇರ್ ಎಲ್ಲವೂ ಇಂತಹ ಯೋಜನೆಗಳೇ. ಇವನ್ನು ನಡೆಸುವ ಕ್ರಮವೇ ಒಂದು ವಿದ್ಯೆಯಾಗಿ ಬೆಳೆದು ಸುಮಾರು ನೂರು ವರ್ಷಗಳಾಗಿವೆ. ಇದರ ಒಂದು ಭಾಗ ಗಣಿತ. ಅದನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಒಂದು ಗಂಟೆಯಲ್ಲಿ ಕಲಿಯಬಹುದು. ಇನ್ನೊಂದು ಭಾಗ ಆ ಗಣಿತಕ್ಕೆ ಸರಿಯಾದ ಸಂಖ್ಯೆಗಳು ಸಿಗುವಂತೆ ನೋಡಿಕೊಳ್ಳುವುದು. ಅನುಭವಿಗಳೂ ಎಡವಿರುವುದು ಇಲ್ಲಿಯೇ. ಈ ಎರಡೂ ಭಾಗಗಳ ಚರಿತ್ರೆಯನ್ನು ಒಟ್ಟಿಗೆ ನೋಡೋಣ.

ಪಟ್ಟಿ ನಕ್ಷೆ

ಪೋಲೆಂಡಿನ ಇಂಜಿನಿಯರ್ ಕರೋಲ್ ಅದಾಮಿಯೆಟ್ಸ್‌ಕಿ 1896ರಲ್ಲಿಯೇ ಕಾರ್ಖಾನೆಯ ಕೆಲಸಗಳನ್ನು ಕಾಲಕ್ರಮದಲ್ಲಿ ತೋರಿಸುವ ಒಂದು ನಕ್ಷೆಯನ್ನು ರೂಪಿಸಿದ್ದರು. ಆದರೆ ಅದರ ಬಗ್ಗೆ ಅವರು ಪ್ರಕಟಿಸಿದ್ದು 1931ರಲ್ಲಿ, ಅದೂ ಪೋಲಿಷ್ ಭಾಷೆಯಲ್ಲಿ. ಅಷ್ಟರಲ್ಲಿ ಅಮೆರಿಕದ ಯಂತ್ರಶಾಸ್ತ್ರಜ್ಞ ಹೆನ್ರಿ ಗ್ಯಾಂಟ್ (1861-1919) 1910ರ ದಶಕದಲ್ಲಿ ರೂಪಿಸಿದ ಇಂಥದೇ ನಕ್ಷೆ ಎಲ್ಲೆಡೆ ಹರಡಿಬಿಟ್ಟಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧಸಾಮಗ್ರಿ ಮತ್ತು ಹಡಗುಗಳ ತಯಾರಿಕೆಯಲ್ಲಿ ಅದನ್ನು ಬಳಸಿದರು.

ಗ್ಯಾಂಟ್ ನಕ್ಷೆ ಬಹಳ ಸರಳ. ಎಡಗಡೆ ಕೆಲಸಗಳ ಹೆಸರು, ಮೇಲೆ ದಿನಾಂಕಗಳು. ಪ್ರತಿ ಕೆಲಸ ಯಾವ ದಿನ ಆರಂಭವಾಗಿ ಯಾವ ದಿನ ಮುಗಿಯಬೇಕು ಎಂಬುದಕ್ಕೆ ಒಂದು ಅಡ್ಡಪಟ್ಟಿ. ಎಷ್ಟು ಕೆಲಸವಾಗಿದೆಯೋ ಅಷ್ಟು ಭಾಗಕ್ಕೆ ಗೆರೆ ಎಳೆದರೆ ಆಯಿತು. ಯಾವುದು ಹಿಂದೆ ಬಿದ್ದಿದೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ನಮ್ಮ ಶಾಲೆಗಳಲ್ಲಿ ಪಾಠಯೋಜನೆಗಾಗಿ ಬರೆಯುವ ವಾರ್ಷಿಕ ಹಂಚಿಕೆಯೂ ಹೆಚ್ಚುಕಡಿಮೆ ಇದೇ ಬಗೆಯದು.

ಆದರೆ ಈ ನಕ್ಷೆಯಲ್ಲಿ ಒಂದು ಕೊರತೆ ಇತ್ತು. ಯಾವ ಕೆಲಸ ಹಿಂದೆ ಬಿದ್ದಿದೆ ಎಂದು ಅದು ಹೇಳುತ್ತಿತ್ತು. ಅದರಿಂದ ಇನ್ನಾವ ಕೆಲಸಕ್ಕೆ ತೊಂದರೆ, ಇಡೀ ಯೋಜನೆ ಎಷ್ಟು ದಿನ ತಡವಾದೀತು ಎಂಬುದನ್ನು ಹೇಳುತ್ತಿರಲಿಲ್ಲ. ಹತ್ತು ಇಪ್ಪತ್ತು ಕೆಲಸಗಳಿದ್ದಾಗ ಅನುಭವಿ ಮೇಸ್ತ್ರಿ ಇದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಡುತ್ತಾನೆ. ಸಾವಿರಾರು ಕೆಲಸಗಳಿದ್ದಾಗ ಯಾವ ಮನಸ್ಸಿಗೂ ಅದು ಸಾಧ್ಯವಿಲ್ಲ.

ಪಟ್ಟಿಯಿಂದ ಜಾಲಕ್ಕೆ

ಈ ಕೊರತೆಗೆ 1950ರ ದಶಕದ ಕೊನೆಯಲ್ಲಿ ಎರಡು ಕಡೆ ಪರಿಹಾರ ಸಿಕ್ಕಿತು. ಮೊದಲನೆಯದು ಡುಪಾಂಟ್ ಎಂಬ ರಾಸಾಯನಿಕ ಕಂಪನಿಯಲ್ಲಿ. ಅಲ್ಲಿನ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಗಣಿತಜ್ಞ ಜೇಮ್ಸ್ ಕೆಲಿ 1957ರ ಹೊತ್ತಿಗೆ ಹೊಸ ವಿಧಾನವೊಂದನ್ನು ರೂಪಿಸಿದರು. ಪ್ರತಿ ಕೆಲಸವನ್ನೂ ಒಂದು ಬಾಣದಿಂದ ಸೂಚಿಸಿ, ಯಾವ ಕೆಲಸ ಮುಗಿದ ಮೇಲೆ ಯಾವುದು ಆರಂಭವಾಗಬೇಕೋ ಹಾಗೆ ಬಾಣಗಳನ್ನು ಜೋಡಿಸುತ್ತಾ ಹೋದರೆ ಒಂದು ಜಾಲ ಉಂಟಾಗುತ್ತದೆ. ಮೊದಲಿನಿಂದ ಕೊನೆಯವರೆಗೆ ಹೋಗುವ ಹಲವು ಹಾದಿಗಳಲ್ಲಿ ಅತಿ ಹೆಚ್ಚು ಸಮಯ ಹಿಡಿಯುವುದೇ 'ಕ್ರಿಟಿಕಲ್ ಪಾತ್', ಅಂದರೆ ನಿರ್ಣಾಯಕ ಪಥ. ಇಡೀ ಯೋಜನೆಗೆ ಬೇಕಾಗುವ ಸಮಯ ಈ ಪಥದ ಸಮಯವೇ. ಲೆಕ್ಕ ಮಾಡಲು ಅವರು ಯುನಿವ್ಯಾಕ್ ಎಂಬ ಆ ಕಾಲದ ದೊಡ್ಡ ಕಂಪ್ಯೂಟರನ್ನು ಬಳಸಿದರು. ಡುಪಾಂಟ್‌ನ ಲೂಯಿವಿಲ್ ಕಾರ್ಖಾನೆಯಲ್ಲಿ ದುರಸ್ತಿಗಾಗಿ ಯಂತ್ರಗಳನ್ನು ನಿಲ್ಲಿಸಬೇಕಾಗಿದ್ದ ಅವಧಿ ಈ ವಿಧಾನದಿಂದ 125 ಗಂಟೆಗಳಿಂದ 93 ಗಂಟೆಗಳಿಗೆ ಇಳಿಯಿತು.

ಇದನ್ನು ಒಂದು ಉದಾಹರಣೆಯಿಂದ ನೀವೇ ಮಾಡಿ ನೋಡಬಹುದು. ನಿಮ್ಮ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯಬೇಕಾಗಿದೆ ಎಂದುಕೊಳ್ಳಿ. ಕೆಲಸಗಳು ಹೀಗಿವೆ:

1. ವಿಷಯಗಳ ಆಯ್ಕೆ: 3 ದಿನ.
2. ಸಾಮಗ್ರಿಗಳ ಸಂಗ್ರಹ: 5 ದಿನ. 1 ಮುಗಿದ ಮೇಲೆ.
3. ಮಾದರಿಗಳ ತಯಾರಿ: 8 ದಿನ. 2 ಮುಗಿದ ಮೇಲೆ.
4. ವಿವರಣಾ ಫಲಕಗಳ ಬರವಣಿಗೆ: 4 ದಿನ. 1 ಮುಗಿದ ಮೇಲೆ.
5. ಸಭಾಂಗಣಕ್ಕೆ ವಿದ್ಯುತ್ ವೈರಿಂಗ್: 6 ದಿನ. ಯಾವುದಕ್ಕೂ ಕಾಯಬೇಕಿಲ್ಲ.
6. ವಿವರಣೆ ಕೊಡುವ ವಿದ್ಯಾರ್ಥಿಗಳ ಅಭ್ಯಾಸ: 3 ದಿನ. 3 ಮತ್ತು 4 ಮುಗಿದ ಮೇಲೆ.
7. ಸಭಾಂಗಣದಲ್ಲಿ ಜೋಡಣೆ: 1 ದಿನ. 5 ಮತ್ತು 6 ಮುಗಿದ ಮೇಲೆ.

ಎಲ್ಲ ದಿನಗಳನ್ನೂ ಕೂಡಿದರೆ 30 ಆಗುತ್ತದೆ. ಆದರೆ ಕೆಲವು ಕೆಲಸಗಳು ಒಟ್ಟಿಗೆ ನಡೆಯಬಲ್ಲವು. ಆದ್ದರಿಂದ ಹಾದಿಗಳನ್ನು ಬೇರೆ ಬೇರೆಯಾಗಿ ನೋಡಿ. 1-2-3-6-7 ಎಂಬ ಹಾದಿಗೆ 3+5+8+3+1, ಅಂದರೆ 20 ದಿನ. 1-4-6-7ಕ್ಕೆ 11 ದಿನ. 5-7ಕ್ಕೆ 7 ದಿನ. ಹಾಗಾಗಿ ಪ್ರದರ್ಶನಕ್ಕೆ ಕನಿಷ್ಠ 20 ದಿನ ಬೇಕು. ಮೊದಲನೆಯದೇ ನಿರ್ಣಾಯಕ ಪಥ. ಸಾಮಗ್ರಿ ತರುವುದು ಒಂದು ದಿನ ತಡವಾದರೆ ಪ್ರದರ್ಶನವೂ ಒಂದು ದಿನ ತಡ. ಫಲಕ ಬರೆಯುವವರು 9 ದಿನ ತಡ ಮಾಡಿದರೂ ಚಿಂತೆಯಿಲ್ಲ. ಈ 9 ದಿನಗಳನ್ನು ಆ ಕೆಲಸದ 'ಬಿಡುವು' ಎನ್ನಬಹುದು. ಫಲಕದ ಗುಂಪಿಗೆ ಇನ್ನೂ ಹತ್ತು ಮಂದಿಯನ್ನು ಸೇರಿಸಿ ನಾಲ್ಕು ದಿನದ ಕೆಲಸವನ್ನು ಎರಡೇ ದಿನಕ್ಕೆ ಮುಗಿಸಿದರೂ ಪ್ರದರ್ಶನ ಒಂದು ದಿನವೂ ಬೇಗ ಆಗದು. ಆದರೆ ಬಿಡುವಿದೆ ಎಂದು ಅವರನ್ನು ಮರೆತೇಬಿಟ್ಟರೆ? ಅವರ ಕೆಲಸಕ್ಕೆ 14 ದಿನ ಹಿಡಿದರೆ ಆ ಹಾದಿ 21 ದಿನಗಳದ್ದಾಗಿ, ಅದೇ ಹೊಸ ನಿರ್ಣಾಯಕ ಪಥವಾಗುತ್ತದೆ. ಮೇಲ್ವಿಚಾರಕರ ಗಮನ ಎಲ್ಲಿರಬೇಕು ಎಂಬುದು ಕೆಲಸ ನಡೆಯುತ್ತಿದ್ದಂತೆಯೇ ಬದಲಾಗಬಹುದು ಎಂಬುದನ್ನು ಮಕ್ಕಳು ಇಲ್ಲಿ ಸುಲಭವಾಗಿ ಕಾಣುತ್ತಾರೆ.

ಅಂದಾಜನ್ನು ಕೇಳುವ ಬಗೆ

ಎರಡನೆಯ ಪರಿಹಾರ ಬಂದದ್ದು ಅಮೆರಿಕದ ನೌಕಾಪಡೆಯಿಂದ. ಜಲಾಂತರ್ಗಾಮಿಯಿಂದ ಹಾರಿಸಬಲ್ಲ ಪೊಲಾರಿಸ್ ಕ್ಷಿಪಣಿಯನ್ನು ನಿರ್ಮಿಸಲು 1955ರಲ್ಲಿ ವಿಲಿಯಂ ರ‍್ಯಾಬರ್ನ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ವಿಶೇಷ ಕಚೇರಿ ತೆರೆಯಿತು. 1957ರ ಅಕ್ಟೋಬರಿನಲ್ಲಿ ಸೋವಿಯೆತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅವಸರ ಇನ್ನೂ ಹೆಚ್ಚಾಯಿತು. ಸಾವಿರಾರು ಕಂಪನಿಗಳು ಬಿಡಿಭಾಗಗಳನ್ನು ಮಾಡುತ್ತಿದ್ದವು. ಡುಪಾಂಟ್‌ಗೂ ಇವರಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಕಾರ್ಖಾನೆ ದುರಸ್ತಿಗೆ ಎಷ್ಟು ಸಮಯ ಬೇಕೆಂಬುದು ಅನುಭವದಿಂದ ಗೊತ್ತು. ಹಿಂದೆ ಯಾರೂ ಮಾಡಿರದ ಕ್ಷಿಪಣಿಯ ಭಾಗಕ್ಕೆ ಎಷ್ಟು ಸಮಯ ಬೇಕೆಂದು ಯಾರು ಹೇಳಬಲ್ಲರು?

ಇದಕ್ಕಾಗಿ 1958ರಲ್ಲಿ 'ಪರ್ಟ್' ಎಂಬ ವಿಧಾನ ಹುಟ್ಟಿತು. ಇದರಲ್ಲಿ ಪ್ರತಿ ಕೆಲಸಕ್ಕೂ ಒಂದರ ಬದಲು ಮೂರು ಅಂದಾಜುಗಳನ್ನು ಕೇಳುತ್ತಾರೆ: ಎಲ್ಲ ಸುಸೂತ್ರವಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು ದಿನ, ಎಲ್ಲ ಕೆಟ್ಟರೆ ಎಷ್ಟು ದಿನ. ಮೊದಲನೆಯದು, ಎರಡನೆಯದರ ನಾಲ್ಕು ಪಟ್ಟು, ಮೂರನೆಯದು ಇವುಗಳನ್ನು ಕೂಡಿ ಆರರಿಂದ ಭಾಗಿಸಿದರೆ ನಿರೀಕ್ಷಿತ ಅವಧಿ ಸಿಗುತ್ತದೆ. ನಮ್ಮ ವಸ್ತುಪ್ರದರ್ಶನದ ಮಾದರಿ ತಯಾರಿಗೆ 8 ದಿನ ಎಂದು ಬರೆದದ್ದು ಹೀಗೆಯೇ. ಸುಸೂತ್ರವಾದರೆ 6, ಸಾಮಾನ್ಯವಾಗಿ 7, ಕೆಟ್ಟರೆ 14 ದಿನ. 6+28+14 ಅಂದರೆ 48. ಆರರಿಂದ ಭಾಗಿಸಿದರೆ 8. ಸಾಮಾನ್ಯ ಅಂದಾಜಾದ 7ನ್ನೇ ಹಿಡಿದಿದ್ದರೆ ಒಂದು ದಿನ ಕಡಿಮೆ ಬಿದ್ದಿರುತ್ತಿತ್ತು. ಕೆಲಸಗಳು ಬೇಗ ಮುಗಿಯುವುದಕ್ಕೆ ಒಂದು ಮಿತಿ ಇದೆ, ತಡವಾಗುವುದಕ್ಕೆ ಅಷ್ಟು ಹತ್ತಿರದ ಮಿತಿ ಇಲ್ಲ. ಸೂತ್ರವು ಈ ಅಸಮತೋಲವನ್ನು ಲೆಕ್ಕಕ್ಕೆ ತರುತ್ತದೆ.

ಸೂತ್ರದ ಗಣಿತಕ್ಕಿಂತ ಮೂರನೆಯ ಪ್ರಶ್ನೆಯೇ ಹೆಚ್ಚು ಮುಖ್ಯ. 'ಯಾವಾಗ ಮುಗಿಸುತ್ತೀರಿ?' ಎಂದು ಮೇಲಧಿಕಾರಿ ಒಂದೇ ಸಂಖ್ಯೆ ಕೇಳಿದರೆ, ಅವನಿಗೆ ಹಿತವಾದ ಸಂಖ್ಯೆಯನ್ನು ಹೇಳುವುದು ಮನುಷ್ಯ ಸ್ವಭಾವ. 'ಎಲ್ಲ ಕೆಟ್ಟರೆ ಎಷ್ಟು ದಿನ?' ಎಂದು ಅವನೇ ಕೇಳಿದಾಗ, ಏನೇನು ಕೆಡಬಹುದು ಎಂದು ಹೇಳಲು ಕೆಳಗಿನವರಿಗೆ ಅನುಮತಿ ಸಿಕ್ಕಂತಾಗುತ್ತದೆ.

1960ರ ಜುಲೈ 20ರಂದು ನೀರಿನೊಳಗಿದ್ದ ಜಾರ್ಜ್ ವಾಷಿಂಗ್ಟನ್ ಎಂಬ ಜಲಾಂತರ್ಗಾಮಿಯಿಂದ ಪೊಲಾರಿಸ್ ಯಶಸ್ವಿಯಾಗಿ ಹಾರಿತು. ಪರ್ಟ್‌ನ ಕೀರ್ತಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಈ ಯೋಜನೆಯನ್ನು ಆಳವಾಗಿ ಅಧ್ಯಯನ ಮಾಡಿದ ಹಾರ್ವೆ ಸಪೋಲ್‌ಸ್ಕಿ 1972ರ ತಮ್ಮ ಪುಸ್ತಕದಲ್ಲಿ ಬೇರೆಯೇ ಚಿತ್ರ ಕೊಟ್ಟರು. ಪೊಲಾರಿಸ್‌ನ ಯಶಸ್ಸಿಗೆ ಪರ್ಟ್ ಮುಖ್ಯ ಕಾರಣವಲ್ಲ. ಅನೇಕ ಇಂಜಿನಿಯರುಗಳು ಅದನ್ನು ಹೆಚ್ಚಾಗಿ ನೆಚ್ಚಿರಲಿಲ್ಲ. ಹೊರಗಿನವರು ಕೈಹಾಕದಂತೆ ಯೋಜನೆಯನ್ನು ಕಾಪಾಡಲು ಆ ಗೋಡೆ ತುಂಬ ನಕ್ಷೆಗಳು ಸಹಾಯಕವಾದವು ಎಂಬುದು ಅವರ ತೀರ್ಮಾನ. ನಕ್ಷೆ ಇದೆ ಎಂದ ಮಾತ್ರಕ್ಕೆ ನಿರ್ವಹಣೆ ಇದೆ ಎಂದು ತಿಳಿಯಬಾರದು ಎಂಬ ಎಚ್ಚರಿಕೆ ಹೀಗೆ ಈ ವಿದ್ಯೆಯ ಬಾಲ್ಯದಲ್ಲಿಯೇ ಸಿಕ್ಕಿತ್ತು.

ಜನ ಹೆಚ್ಚಿದರೆ ಕೆಲಸ ಬೇಗ ಮುಗಿಯುವುದೇ?

ಹತ್ತು ಮಂದಿ ಒಂದು ಗೋಡೆಯನ್ನು ಆರು ದಿನಗಳಲ್ಲಿ ಕಟ್ಟಿದರೆ ಇಪ್ಪತ್ತು ಮಂದಿ ಎಷ್ಟು ದಿನಗಳಲ್ಲಿ ಕಟ್ಟುವರು? ಈ ಲೆಕ್ಕವನ್ನು ನೀವೆಲ್ಲ ಮಾಡಿದ್ದೀರಿ, ಮಾಡಿಸಿದ್ದೀರಿ. ಉತ್ತರ ಮೂರು ದಿನ. ಹೊಲದ ಕಳೆ ಕೀಳುವುದಕ್ಕೆ ಈ ಲೆಕ್ಕ ಸರಿ. ಆದರೆ ಎಷ್ಟೇ ಜನ ಸುತ್ತ ನಿಂತರೂ ಹೊಸ ಕಾಂಕ್ರೀಟಿಗೆ ನೀರುಣಿಸಬೇಕಾದ ದಿನಗಳು ಕಡಿಮೆಯಾಗುವುದಿಲ್ಲ. ಇವೆರಡೂ ಅಲ್ಲದ ಮೂರನೆಯ ಬಗೆಯ ಕೆಲಸವೊಂದಿದೆ. ಅದರಲ್ಲಿ ಜನ ಹೆಚ್ಚಿದಂತೆ ಕೆಲಸ ನಿಧಾನವಾಗುತ್ತದೆ.

ಐ.ಬಿ.ಎಂ. ಕಂಪನಿ 1964ರ ಏಪ್ರಿಲಿನಲ್ಲಿ ಸಿಸ್ಟಂ/360 ಎಂಬ ಕಂಪ್ಯೂಟರುಗಳ ಶ್ರೇಣಿಯನ್ನು ಪ್ರಕಟಿಸಿತು. ಅದನ್ನು ನಡೆಸುವ ಓಎಸ್/360 ಎಂಬ ತಂತ್ರಾಂಶದ ರಚನೆಯ ಹೊಣೆ ಫ್ರೆಡ್ ಬ್ರೂಕ್ಸ್ ಅವರದಾಗಿತ್ತು. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರು. ಆದರೂ ಅದು ತಡವಾಯಿತು. ಯೋಚಿಸಿದ್ದಕ್ಕಿಂತ ಹೆಚ್ಚು ಮೆಮೊರಿಯನ್ನೂ ಬೇಡಿತು. ಆ ಅನುಭವದಿಂದ ಬ್ರೂಕ್ಸ್ 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕ ಬರೆದರು. ಈಗಾಗಲೇ ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬ ಅವರ ಮಾತು 'ಬ್ರೂಕ್ಸ್ ನಿಯಮ' ಎಂದೇ ಹೆಸರಾಗಿದೆ.

ಕಾರಣವನ್ನು ಗಣಿತದಿಂದ ತಿಳಿಯಬಹುದು. ಒಂದು ಗುಂಪಿನಲ್ಲಿ ಪ್ರತಿಯೊಬ್ಬರೂ ಉಳಿದವರೊಡನೆ ಮಾತನಾಡಿ ಹೊಂದಿಸಿಕೊಳ್ಳಬೇಕಾದರೆ ಎಷ್ಟು ಜೋಡಿಗಳಾಗುತ್ತವೆ? ನಾಲ್ವರಿದ್ದರೆ 6, ಹತ್ತು ಜನರಿದ್ದರೆ 45, ಇಪ್ಪತ್ತು ಜನರಿದ್ದರೆ 190. ಜನ ಎರಡು ಪಟ್ಟಾದರೆ ಜೋಡಿಗಳು ನಾಲ್ಕು ಪಟ್ಟಿಗೂ ಹೆಚ್ಚು. ಇದರ ಮೇಲೆ, ಹೊಸಬರಿಗೆ ಕೆಲಸ ಕಲಿಸಬೇಕಾದವರು ಹಳಬರೇ. ಕಲಿಸುವಷ್ಟು ಹೊತ್ತು ಅವರ ಕೆಲಸ ನಿಲ್ಲುತ್ತದೆ. ಇದನ್ನು ತಿಳಿದ ನಾಯಕನಿಗೂ 'ಇನ್ನಷ್ಟು ಜನ ಕೊಡುತ್ತೇವೆ, ಹೇಳಿದ ದಿನಕ್ಕೆ ಮುಗಿಸಿ' ಎನ್ನುವ ಮೇಲಿನವರೆದುರು 'ಜನ ಬೇಡ, ದಿನ ಬೇಕು' ಎನ್ನಲು ಧೈರ್ಯ ಬೇಕು.

ಶ್ರೀಹರಿಕೋಟೆಯ ಎರಡು ಉಡಾವಣೆಗಳು

ಇದೇ ಧೈರ್ಯದ ಪ್ರಶ್ನೆ ನಮ್ಮ ದೇಶದ ಒಂದು ಯೋಜನೆಯಲ್ಲಿ ಬೇರೆ ರೂಪದಲ್ಲಿ ಎದುರಾಯಿತು. ಭಾರತದ ಮೊದಲ ಉಪಗ್ರಹ ವಾಹಕ ಎಸ್‌ಎಲ್‌ವಿ-3. 22 ಮೀಟರ್ ಎತ್ತರ, 17 ಟನ್ ತೂಕ, ನಾಲ್ಕು ಹಂತಗಳ ಈ ರಾಕೆಟ್ಟಿನ ಗುರಿ 40 ಕಿಲೋಗ್ರಾಂನಷ್ಟು ತೂಕವನ್ನು ಕಕ್ಷೆಗೆ ಸೇರಿಸುವುದು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಇಸ್ರೋ ಅಧ್ಯಕ್ಷರು ಪ್ರೊ. ಸತೀಶ್ ಧವನ್, ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದರು.

1979ರ ಆಗಸ್ಟ್ 10ರಂದು ಮೊದಲ ಉಡಾವಣೆ. ಹಾರಲು ಕೆಲವೇ ನಿಮಿಷಗಳಿದ್ದಾಗ ಕಂಪ್ಯೂಟರ್ ಎಣಿಕೆಯನ್ನು ತಡೆಹಿಡಿಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ ಇತ್ತು. ಸಾಕಷ್ಟು ದ್ರವ ಉಳಿದಿದೆ, ತೊಂದರೆಯಿಲ್ಲ ಎಂದು ತಜ್ಞರು ಲೆಕ್ಕ ಹಾಕಿ ಹೇಳಿದರು. ಕಲಾಂ ಕಂಪ್ಯೂಟರಿನ ತಡೆಯನ್ನು ಬದಿಗಿಟ್ಟು ಹಾರಿಸಲು ತೀರ್ಮಾನಿಸಿದರು. ಮೊದಲ ಹಂತ ಸರಿಯಾಗಿ ಕೆಲಸ ಮಾಡಿತು. ಎರಡನೆಯ ಹಂತದಲ್ಲಿ ರಾಕೆಟ್ ಹತೋಟಿ ತಪ್ಪಿತು. 317 ಸೆಕೆಂಡುಗಳಲ್ಲಿ ಅದು ಬಂಗಾಳ ಕೊಲ್ಲಿಯ ಪಾಲಾಯಿತು.

ಅಂದು ಪತ್ರಕರ್ತರ ಮುಂದೆ ಹೋಗಿ ಕುಳಿತವರು ಧವನ್. ಸೋಲಿನ ಹೊಣೆಯನ್ನು ತಾವು ಹೊತ್ತು, ತಮ್ಮ ತಂಡದಲ್ಲಿ ಪೂರ್ಣ ವಿಶ್ವಾಸವಿದೆ ಎಂದು ಹೇಳಿದರು. ಒಳಗೆ ನಡೆದ ವಿಮರ್ಶೆಯಲ್ಲಿ, ಸೋರಿಕೆ ಗೊತ್ತಿದ್ದೂ ಹಾರಿಸಿದ ತೀರ್ಮಾನ ತಮ್ಮದೆಂದು ಕಲಾಂ ಒಪ್ಪಿಕೊಂಡರು. ಹನ್ನೊಂದು ತಿಂಗಳ ನಂತರ, 1980ರ ಜುಲೈ 18ರಂದು, ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಿಕಾಗೋಷ್ಠಿಯನ್ನು ನಡೆಸುವಂತೆ ಧವನ್ ಕಲಾಂ ಅವರಿಗೆ ಹೇಳಿದರು.

ಈ ಪ್ರಸಂಗವನ್ನು ಕಲಾಂ ಜೀವನವಿಡೀ ಹೇಳುತ್ತಿದ್ದರು. ಸಾಮಾನ್ಯವಾಗಿ ನಾವು ಇದನ್ನು ದೊಡ್ಡ ಮನಸ್ಸಿನ ಕಥೆಯಾಗಿ ಕೇಳುತ್ತೇವೆ. ಇದಕ್ಕೆ ಒಂದು ತಾಂತ್ರಿಕ ಮುಖವೂ ಇದೆ. ಸೋತ ಮೇಲೆ ತಪ್ಪಿತಸ್ಥರ ಹುಡುಕಾಟ ನಡೆದಿದ್ದರೆ ಏನಾಗುತ್ತಿತ್ತು? ಸೋರಿಕೆಯ ವಿಷಯ ಗೊತ್ತಿದ್ದವರು ತಮಗೆ ಏನೂ ಗೊತ್ತಿರಲಿಲ್ಲ ಎನ್ನುತ್ತಿದ್ದರು. ದೋಷ ಎಲ್ಲಿತ್ತೆಂದು ತಿಳಿಯುವುದು ತಡವಾಗುತ್ತಿತ್ತು. ಮೇಲಿನವರು ಹೊಣೆ ಹೊತ್ತದ್ದರಿಂದ ಕೆಳಗಿನವರು ನಿಜ ಹೇಳುವುದು ಸುಲಭವಾಯಿತು. ಮುಂದಿನ ರಾಕೆಟ್ಟಿಗೆ ಬೇಕಾಗಿದ್ದದ್ದು ಆ ನಿಜವೇ.

ಕೇಳಿಸಿಕೊಳ್ಳದ ಮಾತು

ಎಸ್‌ಎಲ್‌ವಿ-3ರಲ್ಲಿ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ. ಆರೂವರೆ ವರ್ಷಗಳ ನಂತರ ಅಮೆರಿಕದಲ್ಲಿ ಇದೇ ಬಗೆಯ ತೀರ್ಮಾನ ಏಳು ಜೀವಗಳನ್ನು ಬಲಿ ತೆಗೆದುಕೊಂಡಿತು. 1986ರ ಜನವರಿ 28ರಂದು ಚಾಲೆಂಜರ್ ಎಂಬ ಬಾಹ್ಯಾಕಾಶ ಷಟಲ್ ಹಾರಬೇಕಿತ್ತು. ಉಡಾವಣೆ ಅದಾಗಲೇ ಹಲವು ಸಲ ಮುಂದೆ ಹೋಗಿತ್ತು. ಯಾತ್ರಿಗಳಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಶಿಕ್ಷಕಿಯೂ ಇದ್ದುದರಿಂದ ದೇಶದ ಮಕ್ಕಳೆಲ್ಲ ಕಾಯುತ್ತಿದ್ದರು.

ಹಿಂದಿನ ರಾತ್ರಿ ವಿಪರೀತ ಚಳಿ. ಷಟಲ್‌ನ ಪಕ್ಕದ ರಾಕೆಟ್ಟುಗಳನ್ನು ಮಾಡಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ರಾಜರ್ ಬೋಷೊಲಿ ಮತ್ತಿತರ ಇಂಜಿನಿಯರುಗಳು ಫೋನಿನಲ್ಲಿ ನಡೆದ ಸಭೆಯಲ್ಲಿ ಹಾರಿಸಬೇಡಿ ಎಂದರು. ರಾಕೆಟ್ಟಿನ ತುಂಡುಗಳು ಸೇರುವಲ್ಲಿ ಬಿಸಿ ಅನಿಲ ಸೋರದಂತೆ ರಬ್ಬರಿನ ಬಳೆಗಳಿರುತ್ತವೆ. ಚಳಿಯಲ್ಲಿ ರಬ್ಬರು ತನ್ನ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಳ್ಳುತ್ತದೆ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ನಂಬುವಂತಿಲ್ಲ ಎಂಬುದು ಅವರ ವಾದ. ನಾಸಾದ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಕಂಪನಿಯ ಆಡಳಿತಗಾರರು ಸ್ವಲ್ಪ ಹೊತ್ತು ತಮ್ಮಲ್ಲೇ ಮಾತನಾಡಿಕೊಂಡು, ಇಂಜಿನಿಯರುಗಳ ಸಲಹೆಯನ್ನು ಬದಿಗೆ ಸರಿಸಿ ಒಪ್ಪಿಗೆ ಕೊಟ್ಟರು. ಮರುದಿನ ಹಾರಿದ 73ನೆಯ ಸೆಕೆಂಡಿಗೆ ಚಾಲೆಂಜರ್ ಆಕಾಶದಲ್ಲೇ ಛಿದ್ರವಾಯಿತು.

ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ರಬ್ಬರಿನ ತುಣುಕನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ತೋರಿಸಿದ್ದು ನಿಮಗೆ ತಿಳಿದಿರಬಹುದು. ಅವರು ಕಂಡುಕೊಂಡ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಷಟಲ್ ವಿಫಲವಾಗುವ ಸಂಭವ ಎಷ್ಟು ಎಂದು ಕೇಳಿದಾಗ, ಕೆಲಸ ಮಾಡುವ ಇಂಜಿನಿಯರುಗಳು ಸುಮಾರು ನೂರರಲ್ಲಿ ಒಂದು ಎಂದಿದ್ದರು. ಆಡಳಿತಗಾರರು ಲಕ್ಷದಲ್ಲಿ ಒಂದು ಎಂದಿದ್ದರು. ಲಕ್ಷದಲ್ಲಿ ಒಂದು ಎಂದರೆ ದಿನಕ್ಕೊಂದರಂತೆ ಹಾರಿಸಿದರೂ 270 ವರ್ಷಗಳಿಗೆ ಒಂದು ಅಪಘಾತ! 2011ರಲ್ಲಿ ಷಟಲ್‌ಗಳ ಹಾರಾಟ ಕೊನೆಗೊಂಡಾಗ ಒಟ್ಟು 135 ಯಾತ್ರೆಗಳಾಗಿದ್ದವು. 1986ರ ಚಾಲೆಂಜರ್, 2003ರ ಕೊಲಂಬಿಯಾ ಹೀಗೆ ಎರಡು ನಾಶವಾಗಿದ್ದವು. ಯಾರ ಅಂದಾಜು ನಿಜಕ್ಕೆ ಹತ್ತಿರವಿತ್ತೆಂದು ನೀವೇ ಲೆಕ್ಕ ಹಾಕಿ.

ಕೆಳಗೆ ನೂರರಲ್ಲಿ ಒಂದಾಗಿದ್ದದ್ದು ಮೇಲೆ ಲಕ್ಷದಲ್ಲಿ ಒಂದಾದದ್ದು ಹೇಗೆ? ಯಾರೋ ಒಬ್ಬರು ಸುಳ್ಳು ಹೇಳಿದ್ದರಿಂದಲ್ಲ. ಕೆಟ್ಟ ಸುದ್ದಿ ಒಂದೊಂದು ಮೆಟ್ಟಿಲು ಏರುವಾಗಲೂ ಸ್ವಲ್ಪ ಸ್ವಲ್ಪ ಮೃದುವಾಗುತ್ತಾ ಹೋಗುತ್ತದೆ. ಹೇಳುವವನಿಗೆ ಭಯ, ಕೇಳುವವನಿಗೆ ಅವಸರ.

ಕೊಂಕಣದ ನೆಲ ಕಲಿಸಿದ್ದು

ಕೊನೆಯದಾಗಿ ನಮ್ಮ ಕರಾವಳಿಯ ಯೋಜನೆಯೊಂದನ್ನು ನೋಡೋಣ. ಮುಂಬಯಿ ಮತ್ತು ಮಂಗಳೂರುಗಳ ನಡುವೆ ರೈಲು ಬೇಕೆಂಬುದು ಹಳೆಯ ಕನಸು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ರೈಲ್ವೆ ಇಲಾಖೆಯ ಜೊತೆಗೆ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ರಾಜ್ಯಗಳು ಬಂಡವಾಳ ಹಾಕಿದವು. ಮುಖ್ಯಸ್ಥರಾಗಿ ಬಂದವರು ಇ. ಶ್ರೀಧರನ್. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಹಾದಿ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಕಡಲು, ನಡುವೆ ಅಡ್ಡಲಾಗಿ ಹರಿಯುವ ಹೊಳೆಗಳು, ವರ್ಷಕ್ಕೆ ನಾಲ್ಕು ತಿಂಗಳ ಮಳೆ. ದೊಡ್ಡವೂ ಚಿಕ್ಕವೂ ಸೇರಿ ಸುಮಾರು 2,000 ಸೇತುವೆಗಳು, 90ಕ್ಕೂ ಹೆಚ್ಚು ಸುರಂಗಗಳು ಬೇಕಾದವು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆಯೊಂದೇ ಎರಡು ಕಿಲೋಮೀಟರಿಗೂ ಉದ್ದ.

ಇಡೀ ಹಾದಿಯನ್ನು ಏಳು ವಿಭಾಗಗಳಾಗಿ ಹಂಚಿ ಒಂದೊಂದಕ್ಕೂ ಒಬ್ಬ ಮುಖ್ಯ ಇಂಜಿನಿಯರನ್ನು ನೇಮಿಸಲಾಯಿತು. ನಮ್ಮ ರಾಜ್ಯದ ಕಾರವಾರ ಮತ್ತು ಉಡುಪಿ ಅವುಗಳಲ್ಲಿ ಎರಡು. ಸ್ಥಳದಲ್ಲಿದ್ದವರಿಗೆ ತೀರ್ಮಾನದ ಅಧಿಕಾರ ಕೊಡುವುದು ಶ್ರೀಧರನ್ ಅವರ ಪದ್ಧತಿಯಾಗಿತ್ತು. ಗುರಿಯ ದಿನಕ್ಕೆ ಇನ್ನೆಷ್ಟು ದಿನ ಉಳಿದಿದೆ ಎಂದು ತೋರಿಸುವ, ಹಿಂದಕ್ಕೆ ಎಣಿಸುವ ಗಡಿಯಾರಗಳು ಅವರ ಯೋಜನೆಗಳ ಗುರುತಾದವು.

ಈಗ ನಿಮಗೊಂದು ಪ್ರಶ್ನೆ. ಈ ಯೋಜನೆಯ ನಿರ್ಣಾಯಕ ಪಥ ಯಾವುದಿರಬಹುದು? ರತ್ನಗಿರಿಯ ಬಳಿ ಆರೂವರೆ ಕಿಲೋಮೀಟರ್ ಉದ್ದದ ಕರ್ಬುಡೆ ಸುರಂಗವಿದೆ. ಅಲ್ಲಿಯೇ, ಪಾನ್ವಲ್ ಕಣಿವೆಯಲ್ಲಿ, 64 ಮೀಟರ್ ಎತ್ತರದ ಸೇತುವೆ ಇದೆ. ಕೊನೆಗೆ ಎಲ್ಲರನ್ನೂ ಕಾಯಿಸಿದ್ದು ಇವೆರಡೂ ಅಲ್ಲ, ಗೋವಾದ ಪೆರ್ನೆಮ್‌ನಲ್ಲಿರುವ ಒಂದೂವರೆ ಕಿಲೋಮೀಟರಿನ ಸುರಂಗ. ಗಟ್ಟಿ ಬಂಡೆಯನ್ನು ಕೊರೆಯಲು ಸ್ವೀಡನ್ನಿನಿಂದ ತರಿಸಿದ ಯಂತ್ರಗಳಿದ್ದವು. ಪೆರ್ನೆಮ್‌ನಲ್ಲಿ ಇದ್ದದ್ದು ನೀರು ಕುಡಿದ ಮೆತ್ತನೆಯ ಮಣ್ಣು. ಅಗೆದಷ್ಟೂ ಕುಸಿಯುತ್ತಿತ್ತು. ಇಂಚಿಂಚಾಗಿ ಕೈಯಿಂದಲೇ ಅಗೆದು ಮುಂದೆ ಸಾಗಬೇಕಾಯಿತು. ಮೆತ್ತನೆಯ ಮಣ್ಣಿನ ಸುರಂಗಗಳಲ್ಲಿ ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಗೋವಾದಲ್ಲಿ ಇನ್ನೊಂದು ತಡೆಯೂ ಬಂತು. ಹಾದಿ ಕರಾವಳಿಯ ಗದ್ದೆಗಳನ್ನು, ಜನವಸತಿಯನ್ನು ಹಾಳುಮಾಡುತ್ತದೆ ಎಂದು ಜನ ವಿರೋಧಿಸಿದರು. 1993ರಲ್ಲಿ ಅಲ್ಲಿ ಕೆಲಸ ನಿಂತಿತು. ನಿವೃತ್ತ ನ್ಯಾಯಾಧೀಶರೊಬ್ಬರ ವಿಚಾರಣೆಯ ನಂತರವೇ ಮುಂದುವರಿಯಿತು. ಹಾದಿಯ ಪಕ್ಕದಲ್ಲಿ ಬದುಕುವವರ ಒಪ್ಪಿಗೆಯೂ ಒಂದು ಕೆಲಸವೇ, ಅದಕ್ಕೂ ಜಾಲನಕ್ಷೆಯಲ್ಲಿ ದಿನಗಳನ್ನು ಇಡಬೇಕು ಎಂಬುದನ್ನು ಇಂಜಿನಿಯರುಗಳು ಇಂತಹ ಅನುಭವಗಳಿಂದ ಕಲಿತರು.

ಐದು ವರ್ಷಗಳಲ್ಲಿ ಮುಗಿಸುವ ಗುರಿಯಿದ್ದ ಕೆಲಸ ಏಳು ವರ್ಷಗಳನ್ನು ದಾಟಿತು. ಆದರೆ ಅಲ್ಲಿಯವರೆಗೂ ಹಾದಿ ಸುಮ್ಮನೆ ಬಿದ್ದಿರಲಿಲ್ಲ. ಮುಗಿದ ತುಂಡುಗಳನ್ನು ಎರಡೂ ತುದಿಗಳಿಂದ ಬಳಕೆಗೆ ತೆರೆಯುತ್ತಾ ಬಂದರು. ಮಂಗಳೂರು-ಉಡುಪಿ ನಡುವೆ 1993ರಲ್ಲಿಯೇ ರೈಲು ಓಡಿತು. 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು.

ತರಗತಿಯಲ್ಲಿ ಏನು ಮಾಡಬಹುದು?

ಗ್ಯಾಂಟ್ ನಕ್ಷೆ, ನಿರ್ಣಾಯಕ ಪಥ, ಮೂರು ಅಂದಾಜುಗಳ ಸೂತ್ರ ಇವೆಲ್ಲ ಒಳ್ಳೆಯ ಉಪಕರಣಗಳು. ಕಂಪ್ಯೂಟರ್ ಇವನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಉಷ್ಣಮಾಪಕ ಎಷ್ಟೇ ಚೆನ್ನಾಗಿದ್ದರೂ ಅದನ್ನು ನೀರಿನಲ್ಲಿ ಸರಿಯಾಗಿ ಅದ್ದದಿದ್ದರೆ ಓದು ತಪ್ಪಾಗುತ್ತದಲ್ಲವೆ? ಹಾಗೆಯೇ ಇಲ್ಲಿಯೂ. ಪೆರ್ನೆಮ್‌ನ ಮಣ್ಣು ಮೊದಲು ತಿಳಿದದ್ದು ಅಗೆಯುವವರ ಕೈಗೆ. ರಬ್ಬರಿನ ಬಳೆಯ ದೋಷ ಮೊದಲು ತಿಳಿದದ್ದು ಅದನ್ನು ಪರೀಕ್ಷಿಸುತ್ತಿದ್ದವರಿಗೆ. ಆ ತಿಳಿವಳಿಕೆ ತೀರ್ಮಾನ ಮಾಡುವವರನ್ನು ಮೃದುವಾಗದೆ, ತಡವಾಗದೆ ತಲುಪುವಂತೆ ಮಾಡುವುದೇ ಯೋಜನೆಯ ನಾಯಕನ ಮೊದಲ ಕೆಲಸ.

ಶಿಕ್ಷಕರು ಇದನ್ನು ಮಕ್ಕಳಿಗೆ ಉಪದೇಶವಾಗಿ ಹೇಳಬೇಕಾಗಿಲ್ಲ. ಮುಂದಿನ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳಿಂದಲೇ ಒಂದು ಜಾಲನಕ್ಷೆ ಬರೆಸಿ, ಗೋಡೆಗೆ ಅಂಟಿಸಿ. ಪ್ರತಿ ಗುಂಪಿನಿಂದಲೂ ಮೂರು ಅಂದಾಜುಗಳನ್ನು ಕೇಳಿ. ಯಾರ ಕೆಲಸ ಹಿಂದೆ ಬಿದ್ದಿದೆಯೋ ಅವರೇ ಬಂದು ಕೆಂಪು ಗುರುತು ಹಾಕಲಿ. ಮೊದಲ ಕೆಂಪು ಗುರುತು ಬಿದ್ದ ದಿನ ನೀವು ಗದರಿಸಿದರೆ ಎರಡನೆಯದು ಬೀಳುವುದಿಲ್ಲ. ಕೆಲಸ ಮಾತ್ರ ಹಿಂದೆ ಬೀಳುತ್ತಲೇ ಇರುತ್ತದೆ. 'ಹೇಳಿದ್ದು ಒಳ್ಳೆಯದಾಯಿತು, ಈಗ ಏನು ಮಾಡೋಣ?' ಎಂದು ಕೇಳಿ ನೋಡಿ. ಪ್ರದರ್ಶನ ಮುಗಿದ ಮೇಲೆ ಅಂದಾಜು ಮಾಡಿದ ದಿನಗಳನ್ನೂ ನಿಜವಾಗಿ ಹಿಡಿದ ದಿನಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಮಕ್ಕಳಿಗೆ ಅದು ಉಪಯುಕ್ತವಾಗುತ್ತದೆ.